ಕನೆಕ್ಟಿಂಗ್ ರಾಡಿನ ಆಟ

“ಹೆಬ್ಬೆರಳು ಇಲ್ಲಿಡು. ಮೇಲಕ್ಕೆಳಿ. ಈಗ ಕೆಳಕ್ಕೊತ್ತು. ಕಣ್ಣು ಮುಚ್ಕೊ ಮಗಳೇ, ಇದು ಬೆರಳಿಗೆ ಗೊತ್ತಾಗ್ಬೇಕಾದ ಕೆಲಸ.”

ಪೊಲೀಸ್ ಲೆಫ್ಟಿನೆಂಟ್ ಇದಾಲ್ಮಿಸ್ ರೆವೆ ಕಣ್ಣು ಮುಚ್ಚಿದಳು. ಬೆಂಚಿನ ಮೇಲೆ ವೈಸಿನ ದವಡೆಗೆ ಕಚ್ಚಿಸಿದ್ದ ಎಂಜಿನ್ನಿನ ಕ್ರ್ಯಾಂಕಿನಿಂದ, ಅದನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ನೆಟ್ಟಗೆ ಮೇಲೆದ್ದು ನಿಂತಿತ್ತು. ಅದರ ಕುತ್ತಿಗೆ ಹಿಡಿದು ಎಳೆದಳು, ಒತ್ತಿದಳು. ತಲೆಯ ಮೇಲಿನ ತಗಡು ಮಧ್ಯಾಹ್ನದ ಬಿಸಿಲಿಗೆ ಟಣ್ಣೆನ್ನುತ್ತಿತ್ತು. ಕೆಳಗಿನ ಓಣಿಯಲ್ಲಿ ಕಾರ್ನಿವಲ್ಲಿನ ಡೋಲಿನವರು ತಾಲೀಮು ಶುರುಮಾಡಿದ್ದರು.

“ಏನಾದ್ರೂ ಗೊತ್ತಾಯ್ತಾ?”

“ಇಲ್ಲ.”

“ಇಲ್ಲ ಅಂದ್ರೆ, ನಿಂಗೆ ಗೊತ್ತಾಗ್ಲಿಲ್ವೋ, ಅದು ಅಲ್ಲಾಡ್ಲಿಲ್ವೋ?”

“ಅಲ್ಲಾಡ್ಲಿಲ್ಲ ಮೇಸ್ತ್ರಿ. ಗೋಡೆ ಎಳ್ದಂಗಿದೆ.”

ಮೆಕ್ಯಾನಿಕ್ ಅರಿಸ್ತಿದೆಸ್ ಉಸಿರು ಬಿಟ್ಟ. ಎಪ್ಪತ್ತೊಂದು ವರ್ಷದ ಮುದುಕ. ಮಣಿಕಟ್ಟಿನಲ್ಲಿ ಬೇಡಿಯ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಹನ್ನೊಂದು ದಿನದ ಹಿಂದೆ, ಶುಕ್ರವಾರ, ಸಾಂತಿಯಾಗೊ ಊರಾಚೆಯ ಬೊನಿಯಾತೊ ಘಾಟಿಯ ಇಳಿಜಾರಿನಲ್ಲಿ, ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಲಿಯೊನೆಲ್‌ನ ಜಾವಾ ಮೋಟಾರ್‌ಸೈಕಲ್ಲು, ಓಡುತ್ತಿದ್ದಂತೆ ಎಂಜಿನ್ ಬಿಗಿದು ಸೀಜ್ ಆಗಿ ಅವನನ್ನು ಬಂಡೆಗೆ ಎಸೆದು ಕೊಂದಿತ್ತು. ಆ ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವನು ಇದೇ ಅರಿಸ್ತಿದೆಸ್.

ಈ ದಿನ ಸಂಜೆ ನಾಲ್ಕಕ್ಕೆ ಕೇಸಿನ ಕಡತ ಸರ್ಕಾರಿ ವಕೀಲರ ಮೇಜಿನ ಮೇಲಿರಬೇಕು. ಇದ್ದ ಹಾಗೆಯೇ ಹೋದರೆ ಮುದುಕನಿಗೆ ಎಂಟು ವರ್ಷ ಖಂಡಿತ. ಎಪ್ಪತ್ತೊಂದಕ್ಕೆ ಎಂಟು ಕೂಡಿಸಿ ನೋಡುವ ಧೈರ್ಯ ಇದಾಲ್ಮಿಸ್‌ಗೆ ಇರಲಿಲ್ಲ. ಅದಕ್ಕೇ ಮೇಲಧಿಕಾರಿಯ ಕಾಲಿಗೆ ಬೀಳುವುದೊಂದು ಬಾಕಿಯಿಟ್ಟು, ಬೇಡಿ ಕಳಚಿಸಿ, ಎಂಜಿನ್ ಸಮೇತ ಅವನನ್ನು ಅವನದೇ ಶೆಡ್ಡಿಗೆ ಕರೆತಂದಿದ್ದಳು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

“ನಾಟಕ ಮುಗೀತಾ?”

ಹೀಗೆ ಕೇಳಿದವನು ನಿವಾಲ್ದೊ. ಲಾರಿ ಡಿಪೋದ ಪರೀಕ್ಷಕ. ಎಂಜಿನ್ ನೋಡಿ ವರದಿ ಕೊಟ್ಟವನು ಅವನೇ. ಬೋರಲು ಹಾಕಿದ ಡಬ್ಬಿಯ ಮೇಲೆ ಕೂತು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಅವನ ವರದಿಯಲ್ಲಿ ಕೆಲಸಕ್ಕೆ ಬರುವ ಸಾಲು ಒಂದೇ: ‘ಕನೆಕ್ಟಿಂಗ್ ರಾಡಿನಲ್ಲಿ ಆಟ ಇದೆ, ಸವೆದ ಬೇರಿಂಗನ್ನೇ ಹಾಕಿ ಕಟ್ಟಲಾಗಿದೆ.’ ಬಿಗಿಯಾಗಿ ಕೂರಬೇಕಾದ ಭಾಗ ಸಡಿಲವಾಗಿ ಅಲ್ಲಾಡಿದರೆ ಮೆಕ್ಯಾನಿಕ್‌ಗಳು ಅದನ್ನು ಆಟ ಅನ್ನುತ್ತಾರೆ. ಆ ಎರಡಕ್ಷರದ ಮೇಲೆ ಒಬ್ಬ ಮನುಷ್ಯನ ಉಳಿದ ಆಯುಸ್ಸು ನಿಂತಿತ್ತು.

ನಿವಾಲ್ದೊ ಎದ್ದು ಬಂದ. ರಾಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ವಾಲಿಸಿದ. ಟಕ್ ಟಕ್ ಎಂದು ಅದು ಸಲೀಸಾಗಿ ವಾಲಿತು.

“ಇದೇನು ಲೆಫ್ಟಿನೆಂಟ್? ಇದು ಆಟ ಅಲ್ಲದೆ ಮತ್ತೇನು, ಡೊಮಿನೊ ಆಟಾನಾ?”

ಇದಾಲ್ಮಿಸ್ ಬಗ್ಗಿ ನೋಡಿದಳು. ನಿಜಕ್ಕೂ ಅಲ್ಲಾಡುತ್ತಿದೆಯಲ್ಲ. ಅವಳು ಮುದುಕನ ಮುಖ ನೋಡಿದಳು. ಮುದುಕ ನಗುತ್ತಿದ್ದ. ಹನ್ನೊಂದು ದಿನದಲ್ಲಿ ಅವನು ನಕ್ಕದ್ದನ್ನು ಅವಳು ಕಂಡಿದ್ದು ಇದೇ ಮೊದಲು.

“ಅಯ್ಯಾ, ನಿಂಗೆ ಲಾರಿ ಎಂಜಿನ್ ಎಷ್ಟು ವರ್ಷದಿಂದ ಗೊತ್ತು?”

“ಮೂವತ್ತು ವರ್ಷ.”

“ಟೂ-ಸ್ಟ್ರೋಕು?”

ನಿವಾಲ್ದೊ ಟೋಪಿಯ ಅಂಚು ಸರಿಮಾಡಿಕೊಂಡ.

ಅರಿಸ್ತಿದೆಸ್ ಮಾತನ್ನು ನಿವಾಲ್ದೊಗೆ ಹೇಳದೆ ಇದಾಲ್ಮಿಸ್‌ಗೆ ಹೇಳಿದ. ಲಾರಿಯಲ್ಲಿ ಎಣ್ಣೆಗೆ ಬೇರೆಯೇ ಪಂಪಿದೆ, ಬೇರಿಂಗಿನ ಬಾಯಿಗೇ ತಂದು ಸುರಿಯುತ್ತದೆ. ಈ ಗಾಡಿಯಲ್ಲಿ ಹಾಗಿಲ್ಲ. ಸವಾರ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೊಗೆಯ ಹಾಗೆ ಒಳಗೆ ಸುತ್ತಾಡಿ, ರಾಡಿನ ಎರಡು ಪಕ್ಕದ ಸಂದಿಯಿಂದ ನುಸುಳಿ ಬೇರಿಂಗಿನ ರೋಲರುಗಳನ್ನು ನೆನೆಸಬೇಕು. ಸಂದಿಯೇ ಇಲ್ಲದಿದ್ದರೆ ಎಣ್ಣೆ ಹೋಗುವುದೆಲ್ಲಿಂದ? ಪಕ್ಕಕ್ಕೆ ಆಟ ಇರಲೇಬೇಕು. ಇರಬಾರದ್ದು ಮೇಲಕ್ಕೂ ಕೆಳಕ್ಕೂ ಆಡುವ ಆಟ. ಅದು ಕೂದಲೆಳೆಯಷ್ಟು ಕಂಡರೂ ಬೇರಿಂಗು ಕೈಬಿಟ್ಟಿತೆಂದೇ ಲೆಕ್ಕ.

ಗೋಡೆಯ ಮೊಳೆಯಿಂದ ಸಂದಿ ಅಳೆಯುವ ಗೇಜು ಇಳಿಸಿ, ಅದರ ತೆಳು ಉಕ್ಕಿನ ಎಲೆಗಳಲ್ಲಿ ಒಂದನ್ನು ಆರಿಸಿ ರಾಡಿನ ಪಕ್ಕದ ಸಂದಿಗೆ ತೂರಿಸಿದ. ಎಲೆ ಬಿಗಿಯಾಗಿ ಒಳಹೋಯಿತು. ಅದಕ್ಕಿಂತ ದಪ್ಪದ್ದು ಹೋಗಲಿಲ್ಲ. ಅಳತೆ ಇರಬೇಕಾದಲ್ಲೇ ಇತ್ತು.

“ಯಾವ ಕಡೆಗೆ ಆಟ ಅಂತ ವರದೀಲಿ ಯಾಕೆ ಬರೀಲಿಲ್ಲ?” ಇದಾಲ್ಮಿಸ್ ಕೇಳಿದಳು.

“ಆಟ ಅಂದ್ರೆ ಆಟ,” ಎಂದ ನಿವಾಲ್ದೊ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

ಅವಳಿಗೆ ಕುಣಿಯಬೇಕೆನ್ನಿಸಿತು. ಪೊಲೀಸು ಸಮವಸ್ತ್ರದಲ್ಲಿ ಕುಣಿದರೆ ಚೆನ್ನಾಗಿರುವುದಿಲ್ಲವೆಂದು ಪೆನ್ನು ತೆಗೆದಳು. ಬೇರಿಂಗು ಸರಿಯಿದೆ, ವರದಿ ತಪ್ಪು, ಮುದುಕ ನಿರಪರಾಧಿ. ಮೂರೇ ಸಾಲು ಬರೆದು ಎರಡು ಗಂಟೆಗೆಲ್ಲ ಕಚೇರಿಯಲ್ಲಿರಬಹುದು.

“ಬರೀಬೇಡ,” ಎಂದ ಅರಿಸ್ತಿದೆಸ್.

“ಯಾಕೆ?”

“ಇನ್ನೂ ತೊಳ್ದಿಲ್ಲ.”

ಅವನು ಹೇಳಿದ್ದನ್ನು ಕೇಳಿ ಅವಳ ಕೈ ಪೆನ್ನಿನೊಡನೆ ಗಾಳಿಯಲ್ಲೇ ನಿಂತಿತು. ಎಣ್ಣೆ ಜಿಡ್ಡು ಒಳಗಿದ್ದಾಗ ಸವೆದ ಬೇರಿಂಗೂ ಬಿಗಿಯಾಗಿರುವಂತೆ ನಟಿಸುತ್ತದೆಯಂತೆ. ಜಿಡ್ಡು ರೋಲರಿನ ಸುತ್ತ ತುಂಬಿಕೊಂಡು ಸವೆತವನ್ನು ಮುಚ್ಚಿಬಿಡುತ್ತದೆ. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಎಳೆದು ನೋಡಿದ ಮೇಲೆಯೇ ಸತ್ಯ.

“ಮೇಸ್ತ್ರಿ, ತೊಳೆದ ಮೇಲೆ ಅಲ್ಲಾಡಿದ್ರೆ?”

“ಅಲ್ಲಾಡಿದ್ರೆ ತಪ್ಪು ನಂದು. ಲಿಯೊನೆಲ್‌ನ ತಾಯಿ ಸೆರಾಫಿನಾಗೆ ನಾನು ಮುಖ ತೋರಿಸ್ಬೇಕು. ಅರ್ಧ ಪರೀಕ್ಷೆ ಮಾಡಿ ಹೆಂಗೆ ತೋರಿಸ್ಲಿ?”

ಇದಾಲ್ಮಿಸ್‌ಗೆ ಸಿಟ್ಟು ಬಂತು. ಬಿಡುಗಡೆಯ ಬಾಗಿಲು ತೆರೆದಿರುವಾಗ ಅದರ ಅಗುಳಿ ಸರಿಯಿದೆಯೇ ನೋಡಲು ನಿಲ್ಲುವ ಈ ಮುದುಕನನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಊರಲ್ಲೆಲ್ಲ ಪೆಟ್ರೋಲಿಗೆ ಬರಗಾಲ. ಕಚೇರಿಯ ಜೀಪೇ ನಿಂತುಹೋಗಿ ಹದಿನೈದು ದಿನವಾಗಿತ್ತು. ಅಣ್ಣ ಓಸ್ಮೆಲ್ ದಿನಾ ತನ್ನ ಜಾವಾದಲ್ಲಿ ಅವಳನ್ನು ಕಚೇರಿಗೆ ಬಿಟ್ಟು, ಮತ್ತೆ ಕರೆದುಕೊಂಡು ಹೋಗುತ್ತಿದ್ದ; ಇವತ್ತು ಮೂರಕ್ಕೆ ಈ ಶೆಡ್ಡಿಗೇ ಬಾ ಎಂದು ಅವಳೇ ಹೇಳಿದ್ದಳು. ಆದರೂ ಮುದುಕ ಕಪಾಟಿನ ಹಿಂದಿನಿಂದ ಅರ್ಧ ಬಾಟಲಿ ಪೆಟ್ರೋಲು ಹೊರತೆಗೆದ.

ಕ್ರ್ಯಾಂಕನ್ನು ತಟ್ಟೆಯಲ್ಲಿಟ್ಟು ಬೇರಿಂಗಿನ ಸಂದಿಗೆ ಪೆಟ್ರೋಲು ಸುರಿದ, ರಾಡು ತಿರುಗಿಸಿದ, ಮತ್ತೆ ಸುರಿದ. ಹಳದಿ ಗ್ರೀಸು ಮುದ್ದೆಮುದ್ದೆಯಾಗಿ ಹೊರಬಿತ್ತು. ಅದರ ವಾಸನೆ ಇದಾಲ್ಮಿಸ್‌ಳ ಮೂಗಿಗೆ ಬಡಿಯಿತು. ಹಂದಿಕೊಬ್ಬು ಕರಗಿಸಿದಂಥ ವಾಸನೆ. ಯಾಕೋ ಅವಳಿಗೆ ಅಮ್ಮನ ಮಲಗುವ ಕೋಣೆ ನೆನಪಾಯಿತು. ಅದೇಕೆಂದು ಯೋಚಿಸುವಷ್ಟು ಪುರಸೊತ್ತಿರಲಿಲ್ಲ.

ಅರಿಸ್ತಿದೆಸ್ ಬಾಯಿಂದ ಊದಿ, ಬಟ್ಟೆಯಿಂದ ಒರೆಸಿ, ಕ್ರ್ಯಾಂಕನ್ನು ಮತ್ತೆ ವೈಸಿಗೆ ಸಿಕ್ಕಿಸಿದ. ಈ ಸಲ ತಾನೇ ಹಿಡಿದ. ನಿವಾಲ್ದೊ ಕೂಡ ಡಬ್ಬಿಯಿಂದೆದ್ದು ಬಂದು ಬಗ್ಗಿ ನಿಂತ. ಕೆಳಗಿನ ಡೋಲಿನವರು ಕಾಫಿಗೆ ನಿಲ್ಲಿಸಿದ್ದರೋ ಏನೋ, ಓಣಿ ಇದ್ದಕ್ಕಿದ್ದಂತೆ ಸುಮ್ಮನಾಗಿತ್ತು.

ಎಳೆದ. ಒತ್ತಿದ. ಎಳೆದ. ಒತ್ತಿದ.

ಸದ್ದಿಲ್ಲ. ಕೂದಲೆಳೆಯಷ್ಟೂ ಆಟವಿಲ್ಲ.

“ಗೆದ್ರಿ ಮೇಸ್ತ್ರಿ,” ಎಂದಳು ಇದಾಲ್ಮಿಸ್.

ಮುದುಕ ನಗಲಿಲ್ಲ. ತಟ್ಟೆಯಲ್ಲಿ ತೇಲುತ್ತಿದ್ದ ಕೊಬ್ಬನ್ನೇ ನೋಡುತ್ತಿದ್ದ. ಬೆರಳದ್ದಿ ಮೂಸಿದ. ಕಣ್ಣಿಗೆ ಭೂತಗನ್ನಡಿ ಹಚ್ಚಿ, ಟಾರ್ಚು ಹಿಡಿದು, ರಾಡಿನ ಬುಡವನ್ನು ಸುತ್ತಲೂ ತಿರುಗಿಸಿ ನೋಡಿದ. ಆಮೇಲೆ ಕನ್ನಡಿ ತೆಗೆದು ಕೆಳಗಿಟ್ಟ.

“ಮಗಳೇ, ಪಿಸ್ಟನ್ ತಾ ಇಲ್ಲಿ.”

ಚೀಲದಿಂದ ಪಿಸ್ಟನ್ ತೆಗೆದುಕೊಟ್ಟಳು. ಅದರ ಮೈಯೆಲ್ಲ ಉದ್ದುದ್ದ ಗೀರು, ಕರಗಿ ಮೆತ್ತಿಕೊಂಡ ಲೋಹ. ಸಾವಿನ ಗುರುತು ಅಲ್ಲಿ ಕಣ್ಣಿಗೆ ರಾಚುವಂತಿತ್ತು.

“ಮೇಲ್ಗಡೆ ಮನೆ ಹತ್ತಿ ಉರಿದಿದೆ,” ಎಂದ ಅರಿಸ್ತಿದೆಸ್. “ಕೆಳಗೆ ಅಡುಗೆಮನೇಲಿ ಹಾಲು ಕೂಡ ಉಕ್ಕಿಲ್ಲ. ಇದು ಹೆಂಗೆ?”

“ಅಂದ್ರೆ?”

“ಅಂದ್ರೆ ಈ ಕ್ರ್ಯಾಂಕು ಒಂದು ದಿನಾನೂ ಓಡಿಲ್ಲ. ತುಕ್ಕು ಹಿಡೀದಿರಲಿ ಅಂತ ನಾನೇ ಗ್ರೀಸಿಗೆ ಹಂದಿಕೊಬ್ಬು ಬೆರೆಸಿ ತುಂಬ್ತೀನಿ. ಎಂಜಿನ್ ಹತ್ತು ನಿಮಿಷ ಓಡಿದ್ರೆ ಅದೆಲ್ಲ ಪೆಟ್ರೋಲಿಗೆ ತೊಳ್ದು ಹೋಗುತ್ತೆ. ಇದ್ರಲ್ಲಿ ತುಂಬಿದ್ದು ತುಂಬಿದಂಗೇ ಇದೆ. ಲಿಯೊನೆಲ್ ಘಾಟಿ ಇಳೀವಾಗ ಅವನ ಎಂಜಿನ್ನಲ್ಲಿ ಇದ್ದಿದ್ದು ಇದಲ್ಲ.”

ಇದಾಲ್ಮಿಸ್ ಲೆಕ್ಕ ಹಾಕಿದಳು. ಅಪಘಾತದ ನಂತರ ಯಾರೋ ಎಂಜಿನ್ ಬಿಚ್ಚಿದ್ದಾರೆ. ಹಳೆಯ ಕ್ರ್ಯಾಂಕು ತೆಗೆದು ಹೊಸದನ್ನು ಇಟ್ಟು ಮತ್ತೆ ಮುಚ್ಚಿದ್ದಾರೆ. ಕೈ ಪಳಗಿದವನಿಗೂ ಅರ್ಧ ದಿನ ಹಿಡಿಯುವ ಕೆಲಸ. ಕೊಲೆಯಲ್ಲದಿದ್ದರೆ ಅಷ್ಟು ಕಷ್ಟ ಯಾರು ಪಡುತ್ತಾರೆ?

“ಹಳೇದ್ರಲ್ಲಿ ಅಂಥದ್ದೇನಿತ್ತು ಮೇಸ್ತ್ರಿ, ಬಚ್ಚಿಡೋಕೆ?”

ಅರಿಸ್ತಿದೆಸ್ ನಿಧಾನವಾಗಿ ಬಿಡಿಸಿ ಹೇಳಿದ. ಪಿಸ್ಟನ್ ಹಿಡಿದುಕೊಳ್ಳಲು ಹತ್ತು ಕಾರಣವಿದೆ. ಪಿಸ್ಟನ್ ಓಡಾಡುವ ಸಿಲಿಂಡರನ್ನು ಬೋರ್ ಮಾಡುವಾಗ ಬಿಗಿ ಮಾಡಿದ್ದ ಎಂದು ಮೆಕ್ಯಾನಿಕ್‌ನ ತಲೆಗೇ ಕಟ್ಟಬಹುದು. ಆದರೆ ರಾಡಿನ ಬುಡ ಕಾದು ನೀಲಿ ಬಣ್ಣಕ್ಕೆ ತಿರುಗಿದ್ದರೆ, ಇಂಥ ಹೊಸ ಬೇರಿಂಗಿನಲ್ಲಿ ಅದಕ್ಕೆ ಒಂದೇ ಕಾರಣ: ಪೆಟ್ರೋಲಿನಲ್ಲಿ ಎಣ್ಣೆಯಿರಲಿಲ್ಲ. ಬರಿ ಪೆಟ್ರೋಲು ಹಾಕಿ ಘಾಟಿ ಹತ್ತಿಸಿ ಇಳಿಸಿದರೆ ಎಂಥ ಎಂಜಿನ್ನೂ ಉಳಿಯುವುದಿಲ್ಲ. ಟ್ಯಾಂಕು ಒಡೆದು ಪೆಟ್ರೋಲೆಲ್ಲ ರಸ್ತೆಗೆ ಚೆಲ್ಲಿಹೋಗಿತ್ತು. ಉಳಿದ ಸಾಕ್ಷಿ ಆ ನೀಲಿ ರಾಡು ಮಾತ್ರ.

“ಲಿಯೊನೆಲ್ ಎಣ್ಣೆ ಮರೆಯೋನಲ್ಲ. ಬೆಣ್ಣೆ ಡಬ್ಬೀಲಿ ಅಳೆದು ಅಳೆದು ಹಾಕ್ತಿದ್ದ. ಅವತ್ತು ಅವನ ಟ್ಯಾಂಕಿಗೆ ಬೇರೆ ಯಾರೋ ತುಂಬಿಸಿದ್ದಾರೆ,” ಎಂದ ಮುದುಕ.

ಇದಾಲ್ಮಿಸ್ ಸರಕ್ಕನೆ ನಿವಾಲ್ದೊ ಕಡೆ ತಿರುಗಿದಳು. ಬೇಟೆ ಎದುರಿಗೇ ಇದೆಯೆಂದು ಅವಳ ನರನರವೂ ಹೇಳುತ್ತಿತ್ತು.

“ಎಂಜಿನ್ ಇಟ್ಟಿದ್ದು ನಿಮ್ಮ ಡಿಪೋದ ಶೆಡ್ಡಲ್ಲಿ. ನೀವು ಬಿಚ್ಚಿ ನೋಡಿದ್ದು ಸೋಮವಾರ. ಶುಕ್ರವಾರದಿಂದ ಸೋಮವಾರದವರೆಗೆ ಅದಕ್ಕೆ ಬೀಗ ಹಾಕಿತ್ತು. ಬೀಗ ಮುರಿದಿಲ್ಲ, ಬಾಗಿಲು ಮೀಟಿಲ್ಲ. ಕೀಲಿಕೈ ಯಾರ ಹತ್ರ ಇತ್ತು ನಿವಾಲ್ದೊ?”

“ನನ್ನ ಹತ್ರ.” ಅವನು ಟೋಪಿ ಬೀಸುವುದನ್ನು ನಿಲ್ಲಿಸಿದ್ದ. “ಆದ್ರೆ ಶನಿವಾರ ಬೆಳಿಗ್ಗೆ ನಾನು ಒಲ್ಗಿನ್‌ಗೆ ಮಗಳ ಮನೆಗೆ ಹೋದೋನು ಸೋಮವಾರ ಬಂದೆ. ಮೂವತ್ತು ಜನ ಬಸ್ಸಲ್ಲಿ ನೋಡಿದ್ದಾರೆ. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.”

“ಅಷ್ಟು ಹೇಳಿದ್ರೆ ಆಗ್ಲಿಲ್ಲ. ಟೂ-ಸ್ಟ್ರೋಕ್ ಗೊತ್ತಿಲ್ದೆ ವರದಿ ಬರೆದ್ರಿ. ಆ ವರದಿಯಿಂದ ಕೊಂದೋನಿಗೆ ಲಾಭ ಆಯ್ತು. ಇದು ದಡ್ಡತನಾನೋ ಜಾಣತನಾನೋ, ನಾನು ಹೆಂಗೆ ತಿಳ್ಕೊಳ್ಲಿ?”

ನಿವಾಲ್ದೊನ ಮುಖ ಕೆಂಪಾಯಿತು. ತನ್ನ ದಡ್ಡತನವನ್ನು ಒಪ್ಪಿಕೊಳ್ಳುವುದೋ ಕೊಲೆಯನ್ನು ಒಪ್ಪಿಕೊಳ್ಳುವುದೋ ಎಂಬಲ್ಲಿಗೆ ಬಂದು ನಿಂತಾಗ, ಪಾಪ, ಯಾರಾದರೂ ಮಾಡುವುದನ್ನೇ ಅವನೂ ಮಾಡಿದ.

“ದಡ್ಡತನ,” ಎಂದ. “ಟೂ-ಸ್ಟ್ರೋಕ್ ಎಂಜಿನ್ ನಾನು ಒಳಗಿಂದ ನೋಡಿದ್ದೇ ಅವತ್ತು. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಬರ್ಕೊಳ್ಳಿ ಬೇಕಾದ್ರೆ. ಟೂ-ಸ್ಟ್ರೋಕ್ ಗೊತ್ತಿಲ್ದೋನು ಅದರ ಕ್ರ್ಯಾಂಕು ಬದಲಾಯಿಸೋದು ಹೆಂಗೆ?”

ಮಾತು ಸರಿಯಾಗಿತ್ತು. ಅವಳು ಅದನ್ನು ನುಂಗಿಕೊಳ್ಳುತ್ತಿರುವಾಗಲೇ ಅವನು ಇನ್ನೊಂದು ಕೇಳಿದ, ಅದೂ ಮೆತ್ತಗೆ.

“ಶೆಡ್ಡಿಗೆ ಎರಡು ಕೀಲಿಕೈ ಇದೆ ಲೆಫ್ಟಿನೆಂಟ್. ಇನ್ನೊಂದು ಯಾರ ಹತ್ರ ಇತ್ತು?”

ಇದಾಲ್ಮಿಸ್ ತನ್ನ ಬೆಲ್ಟು ಮುಟ್ಟಿಕೊಂಡಳು. ಎರಡನೆಯ ಕೀಲಿಕೈ ಅಲ್ಲಿಯೇ ಇತ್ತು. ಆ ಶುಕ್ರವಾರದಿಂದಲೂ ಅದು ಅವಳನ್ನು ಬಿಟ್ಟು ಹೋಗಿರಲಿಲ್ಲ. ಹಾಗೆಂದು ಅವಳು ನಂಬಿದ್ದಳು.

ಇಬ್ಬರ ಜಗಳ ಅರಿಸ್ತಿದೆಸ್‌ನ ಕಿವಿಗೆ ಬಿದ್ದಿರಲೇ ಇಲ್ಲ. ಅವನು ಕ್ರ್ಯಾಂಕನ್ನು ವೈಸಿನಿಂದ ಬಿಡಿಸಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಎರಡು ಉಕ್ಕಿನ ಚಕ್ರಗಳನ್ನು ಹಿಡಿದಿಡುವ ದಪ್ಪ ಪಿನ್ನಿನ ತಲೆಯನ್ನು ಸೂಜಿಯಿಂದ ಕೆರೆಯುತ್ತಿದ್ದ. ಹಳೆಯದರಂತೆ ಕಾಣಲೆಂದು ಯಾರೋ ಅಲ್ಲಿ ಕಪ್ಪು ಬಣ್ಣ ಮೆತ್ತಿದ್ದರು.

“ಕ್ರ್ಯಾಂಕು ನನ್ನ ಕೈಯಿಂದ ಆಚೆ ಹೋಗಿದ್ದೇ,” ಎಂದ, ತನಗೇ ಹೇಳಿಕೊಂಡಂತೆ. “ಹೋದದ್ದು ಯಾರಿಗೆ ಅನ್ನೋದೂ ಇದ್ರಲ್ಲೇ ಇದೆ.”

“ಅದು ಹೇಗೆ?” ಇದಾಲ್ಮಿಸ್ ಧಾವಿಸಿ ಬಂದು ಪಕ್ಕದಲ್ಲಿ ಕುಳಿತಳು.

ಮುದುಕನಿಗೆ ಕೊಂಚ ಸಂಕೋಚವಾಯಿತು. ನಲವತ್ತು ವರ್ಷದಿಂದ ಯಾರಿಗೂ ಹೇಳದಿದ್ದ ಗುಟ್ಟು ಅದು. ಕಾಫಿ ಕೊಡುವಾಗ ಗಿರಾಕಿಯನ್ನು ಮಾತಿಗೆಳೆದು ಅವನ ತಾಯಿಯ ಹೆಸರು ಕೇಳುತ್ತಿದ್ದ. ಮುದುಕ ಚರ್ಚಿನ ಕೋಬ್ರೆ ಮಾತೆಗೆ ಅವರ ಪರವಾಗಿ ಹರಕೆ ಹೊರುತ್ತಾನೆಂದು ಜನ ತಿಳಿದುಕೊಂಡಿದ್ದರು. ಅವನು ಆ ಹೆಸರನ್ನು ಪಿನ್ನಿನ ತಲೆಯ ಮೇಲೆ ಕೂದಲಷ್ಟು ಸಣ್ಣಗೆ ಕೊರೆಯುತ್ತಿದ್ದ.

“ಗಾಡಿ ಮಾರ್ತಾರೆ, ಮನೆ ಬದಲಾಯಿಸ್ತಾರೆ, ಪೊಲೀಸರ ಮುಂದೆ ತಮ್ಮ ಹೆಸರೂ ಬದಲಾಯಿಸ್ತಾರೆ. ತಾಯೀನ ಯಾರೂ ಬದಲಾಯಿಸಲ್ಲ ಮಗಳೇ. ಮತ್ತೆ ಆ ಗಾಡಿ ಓಡಿಸೋವಾಗ ಕೆಳಗೆ ಅಮ್ಮ ಹಿಡ್ಕೊಂಡಿರ್ತಾಳೆ ಅಂತ ನಂದೊಂದು ಹುಚ್ಚು.”

“ಲಿಯೊನೆಲ್‌ನ ಕ್ರ್ಯಾಂಕಿನಲ್ಲಿ ಸೆರಾಫಿನಾ ಅಂತಿತ್ತಾ?”

“ಅಂತಿತ್ತು. ಇದ್ರಲ್ಲಿ ಅದಿಲ್ಲ. ನೋಡು, ಇಲ್ಲಿ ಬೇರೆ ಅಕ್ಷರ.”

ಕಪ್ಪು ಬಣ್ಣ ಪುಡಿಪುಡಿಯಾಗಿ ಉದುರಿತು. ನಿವಾಲ್ದೊ ಟಾರ್ಚು ಹಿಡಿದ. ತಾನೂ ಒಂದು ಉಪಕಾರಕ್ಕೆ ಬಂದೆನೆಂಬ ಸಂತೋಷ ಅವನಿಗೆ. ಕಡತದಲ್ಲಿ ಬರೆಯಲು ಇದಾಲ್ಮಿಸ್ ಪೆನ್ನು ಹಿಡಿದು ಕೂತಳು. ಮೂರು ಗಂಟೆಗೆ ಐದು ನಿಮಿಷವಿತ್ತು. ಈ ಒಂದು ಹೆಸರು ಸಿಕ್ಕರೆ ಮುದುಕ ಇವತ್ತು ರಾತ್ರಿಯ ಊಟ ಮನೆಯಲ್ಲೇ ಮಾಡುತ್ತಾನೆ.

“ಈಗ ನೆನಪಾಯ್ತು,” ಎಂದ ಅರಿಸ್ತಿದೆಸ್. “ಎರಡು ತಿಂಗಳ ಹಿಂದೆ ಒಬ್ಬ ಎತ್ತರದ ಆಳು ಬಂದಿದ್ದ. ಇರಲಿ ಅಂತ ಒಂದು ಕ್ರ್ಯಾಂಕು ಕಟ್ಟಿಸ್ಕೊಂಡು, ಪೇಪರಲ್ಲಿ ಸುತ್ತಿಸ್ಕೊಂಡು ಹೋದ. ತಾಯಿ ಹೆಸರು ಹೇಳ್ದಾಗ ನಾನು ನಕ್ಕಿದ್ದೆ. ಇಂಥ ಹೆಸರು ಈಗ ಯಾರಿಡ್ತಾರೆ ಅಂತ. ಬರ್ಕೊ. ಡೊ-ಮಿ-ತಿ-ಲಾ.”

ಪೆನ್ನು ಕಾಗದದ ಮೇಲಿತ್ತು. ಅದು ಚಲಿಸಲಿಲ್ಲ.

“ಡೊಮಿತಿಲಾ,” ಎಂದು ಮುದುಕ ಇನ್ನೊಮ್ಮೆ ಹೇಳಿದ. ಅವನ ಮುಖ ಬೆಳಗುತ್ತಿತ್ತು. “ಇಡೀ ಸಾಂತಿಯಾಗೊದಲ್ಲಿ ಆ ಹೆಸರಿನೋರು ಇಬ್ಬರಿರಲ್ಲ. ಆ ತಾಯೀನ ಹುಡುಕು, ಮಗ ಸಿಕ್ತಾನೆ.”

ಹುಡುಕಬೇಕಾಗಿರಲಿಲ್ಲ. ಆ ತಾಯಿ ಈ ದಿನ ಬೆಳಿಗ್ಗೆ ಇದಾಲ್ಮಿಸ್‌ಗೆ ಕಾಫಿ ಕೊಟ್ಟು, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಬಯ್ದು ಕಳಿಸಿದ್ದಳು.

ಅಮ್ಮನ ಕೋಣೆ, ಹಂದಿಕೊಬ್ಬಿನ ವಾಸನೆ. ಈಗ ಎಲ್ಲ ಒಂದರ ಹಿಂದೆ ಒಂದು ಬಂದವು. ಮಂಚದ ಕೆಳಗೆ ಪೇಪರಿನಲ್ಲಿ ಸುತ್ತಿಟ್ಟ ಭಾರದ ಗಂಟು; ನಿನ್ನ ಅಣ್ಣನ ಕಬ್ಬಿಣ ನಾರುತ್ತಿದೆ ಎಂದು ಅಮ್ಮ ಎರಡು ತಿಂಗಳಿಂದ ಗೊಣಗುತ್ತಿದ್ದಳು, ಕಳೆದ ವಾರದಿಂದ ಗೊಣಗುವುದು ನಿಂತಿತ್ತು. ಅಪಘಾತದ ಮರುದಿನ ಶನಿವಾರ, ಇಡೀ ರಾತ್ರಿ ಕೆಲಸ ಮಾಡಿ ಬಂದ ಅವಳು ಭಾನುವಾರದ ಹಗಲೆಲ್ಲ ಸತ್ತವಳಂತೆ ಮಲಗಿದ್ದಳು. ಕೀಲಿಕೈ ಸಮೇತ ಬೆಲ್ಟು ಗೋಡೆಯ ಮೊಳೆಯಲ್ಲಿತ್ತು. ಮೀನು ಹಿಡಿಯಲು ಹೋಗುತ್ತೇನೆಂದು ಬೆಳಿಗ್ಗೆ ಹೊರಟ ಓಸ್ಮೆಲ್ ಸಂಜೆ ಬರಿಗೈಯಲ್ಲಿ ಬಂದು, ಹಿತ್ತಲಿನಲ್ಲಿ ಕೂತು ಬಹಳ ಹೊತ್ತು ಸೀಮೆಎಣ್ಣೆಯಲ್ಲಿ ಕೈ ತೊಳೆದಿದ್ದ.

ಲಿಯೊನೆಲ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಓಸ್ಮೆಲ್ ಮುಂದಿನ ಸಾಲಿನಲ್ಲಿದ್ದ.

“ಏನಾಯ್ತು ಮಗಳೇ? ಸ್ಪೆಲ್ಲಿಂಗ್ ಗೊತ್ತಾಗ್ಲಿಲ್ವಾ?”

ಅವಳು ಪೆನ್ನು ಒತ್ತಿದಳು. ‘ಡೊ’ ಎಂಬಷ್ಟು ಬರೆಯಿತು. ಎದುರಿಗೆ ಮಣಿಕಟ್ಟಿನ ಕೆಂಪು ಗೆರೆ ಉಜ್ಜಿಕೊಳ್ಳುತ್ತ, ಮನೆಗೆ ಹೋಗುವ ಖುಷಿಯಲ್ಲಿ ಮುದುಕ ತನ್ನ ಸಲಕರಣೆಗಳನ್ನು ಒಂದೊಂದಾಗಿ ಒರೆಸಿಡುತ್ತಿದ್ದ. ಆ ಹೆಸರನ್ನು ಪೂರ್ತಿ ಬರೆದರೆ ಅವನು ಮನೆಗೆ. ಬರೆಯದಿದ್ದರೆ ಅವಳ ಅಣ್ಣ ಮನೆಗೆ.

ಕೆಳಗಿನ ಏರುದಾರಿಯಲ್ಲಿ ಒಂದು ಜಾವಾದ ಸದ್ದು ಕೇಳಿಸಿತು. ದಿನಾ ಮೂರು ಗಂಟೆಗೆ ಅವಳನ್ನು ಕರೆದೊಯ್ಯಲು ಬರುವ ಸದ್ದು. ಅದು ತಿರುವು ದಾಟಿ, ಗೇರು ಇಳಿಸಿ, ಹತ್ತಿರವಾಯಿತು. ಶೆಡ್ಡಿನ ಬಾಗಿಲಿಗೆ ನೀಲಿ ಹೊಗೆ ತೇಲಿಬಂತು.

ಅರಿಸ್ತಿದೆಸ್ ಒರೆಸುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿ ಆಲಿಸಿದ. ಒಳ್ಳೆಯ ಹಾಡು ಕೇಳಿದವನಂತೆ ತಲೆದೂಗಿದ.

“ಕೇಳಿದ್ಯಾ? ಎಣ್ಣೆ ಎಷ್ಟು ಹದವಾಗಿ ಬಿದ್ದಿದೆ ನೋಡು. ಇವನ್ಯಾರೋ ಗಾಡಿ ಬಲ್ಲೋನು. ಇಂಥೋನು ಮರೆತೂ ಎಣ್ಣೆ ಹಾಕ್ದೆ ಬಿಡಲ್ಲ ಮಗಳೇ.”

ಎಂಜಿನ್ ನಿಂತಿತು. ಸ್ಟ್ಯಾಂಡು ಹಾಕಿದ ಸದ್ದಾಯಿತು.

“ಇದಾಲ್ಮಿಸ್,” ಹೊರಗಿನಿಂದ ಅಣ್ಣ ಕರೆದ. “ಮುಗೀತೇನೇ ನಿನ್ನ ಆಟ?”